ಬೊಜ್ಜಿಂಡು, ಸುಮ್ಕೋಟ ಮತ್ತು ಪುಟ್ಟತಾಯಮ್ಮ

ಪುಟ್ಟತಾಯಮ್ಮನವರ ಬೀದಿಯಲ್ಲಿ ಯಾವುದಕ್ಕೂ ಅದರ ಸ್ವಂತ ಹೆಸರು ಉಳಿದಿರಲಿಲ್ಲ. ಮನೆಗಳ ಮೇಲೆ ನಿಂತ ಟೀವಿ ಆಂಟೆನಾ ಅವರ ಬಾಯಲ್ಲಿ ‘ಕಾಗೆಕಟ್ಟೆ’. ಬಂದಷ್ಟೇ ಬೇಗ ಹೊರಟುಹೋಗುವ ಕರೆಂಟು ‘ನೆಂಟ’. ನನ್ನ ಗಂಡ ರಘುನಂದನ್ ಕಾಲೇಜಿಗೆ ಹೋಗುವ ಮೊಪೆಡ್ಡು ‘ಗುರ್ಗುಟ್ಟಿ’. ಮೈಸೂರಿನಲ್ಲಿ ಓದಿ ಬೆಳೆದು, ಮದುವೆಯಾಗಿ ಕೃಷ್ಣರಾಜಪೇಟೆಗೆ ಬಂದ ನನ್ನನ್ನು ಅವರು ಎರಡೇ ತಿಂಗಳು ನೋಡಿ ‘ಗಾಬ್ರಮ್ಮ’ ಎಂದುಬಿಟ್ಟರು. ಮೊದಲು ಸಿಟ್ಟು ಬಂತು. ಆಮೇಲೆ ನೋಡಿದರೆ ಇಡೀ ಬೀದಿ ಹಾಗೇ ಕರೆಯುತ್ತಿತ್ತು. ಸಿಟ್ಟು ಮಾಡಿಕೊಂಡು ಯಾರ ಯಾರ ಜೊತೆ ಜಗಳವಾಡಲಿ?

ಅವರು ಒಂದಕ್ಷರ ಓದಿದವರಲ್ಲ. ಕಿಕ್ಕೇರಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಹದಿನಾಲ್ಕಕ್ಕೆ ಮದುವೆಯಾಗಿ ಪೇಟೆಗೆ ಬಂದವರು. ಹೊಲ ಗಂಡ ಕರಿಯಪ್ಪನವರದು, ಹಸು ಇವರದು. ಕರಿಯಪ್ಪನವರು ಮಾತಾಡುವುದೇ ಅಪರೂಪ. “ಮನೇಲಿರೋ ಮಾತ್ನೆಲ್ಲ ಇವ್ಳೇ ಆಡಿ ಮುಗುಸ್ಬುಡ್ತಾಳೆ ಕಣವ್ವ, ನಂಗೇನ್ ಉಳೀತದೆ?” ಎಂದು ಒಮ್ಮೆ ನನ್ನೆದುರು ಹೇಳಿದ್ದೇ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು.

ನನಗೂ ಪುಟ್ಟತಾಯಮ್ಮನವರಿಗೂ ಗಂಟು ಬಿದ್ದದ್ದು ಹಾಲಿನಿಂದ. ನನ್ನ ಮಗಳು ಅನುಗೆ ಮೂರು ತಿಂಗಳಾಗಿದ್ದಾಗ ನನಗೆ ಟೈಫಾಯ್ಡು ಹಿಡಿಯಿತು. ಜ್ವರ ಬಿಡುವಷ್ಟರಲ್ಲಿ ಎದೆಹಾಲು ಬತ್ತಿತ್ತು. ಡಬ್ಬಿಯ ಪುಡಿ ಕಲಸಿ ಕೊಟ್ಟರೆ ಮಗು ಅಷ್ಟನ್ನೂ ಕಕ್ಕಿತು. ಪ್ಯಾಕೆಟ್ ಹಾಲಿಗೆ ಭೇದಿ. ಆರು ತಿಂಗಳ ಕೂಸು ತಕ್ಕಡಿಯಲ್ಲಿ ನಾಲ್ಕೂಮುಕ್ಕಾಲು ಕಿಲೋ ತೂಗಿದ ದಿನ ನಾನು ಆಸ್ಪತ್ರೆಯ ಬೆಂಚಿನ ಮೇಲೇ ಕೂತು ಅತ್ತೆ. ಕೊನೆಗೆ ಅವಳ ಹೊಟ್ಟೆಯಲ್ಲಿ ನಿಂತದ್ದು ಒಂದೇ ಒಂದು: ಪುಟ್ಟತಾಯಮ್ಮನವರ ಕೆಂದಿ ಎಂಬ ಕೆಂಚು ಹಸುವಿನ ಹಾಲು, ಅದೂ ಆಗ ತಾನೇ ಕರೆದದ್ದು. ಹೊತ್ತು ಮೀರಿದ್ದಾದರೆ ಅದೂ ವಾಪಸು.

ಹಾಲಿಗೆ ನೀರು ಬೆರೆಯುತ್ತದೆ, ಆ ನೀರು ಎಲ್ಲಿಯದೋ ಏನೋ ಎಂಬ ಭಯ ನನಗೆ. ಬಾಗಿಲಿಗೇ ಹಸು ತಂದು, ನನ್ನ ಕಣ್ಣೆದುರಿಗೆ, ನಾನು ಕುದಿಸಿಟ್ಟ ಪಾತ್ರೆಗೇ ಕರೆಯಬೇಕು ಎಂದೆ.

“ಯಾಕವ್ವ, ನಾನೇನ್ ನೀರ್ ಬೆರಸ್ತೀನಿ ಅಂದ್ಕಂಡಾ?”

“ಹಾಗಲ್ಲಮ್ಮ, ಮಗು...”

“ಅಂಗೇ ಕಣವ್ವ ಬುಡು. ನಂಗೆ ಬೇಜಾರಿಲ್ಲ. ಅಸ ಮೆರವಣಿಗೆ ಓಯ್ತದೆ ಅಂತ ತಿಳ್ಕಂತೀನಿ.”

ಮಾರನೆಯ ದಿನದಿಂದ ಬೆಳಗ್ಗೆ ಆರಕ್ಕೆ ಸರಿಯಾಗಿ ಕೆಂದಿ, ಅದರ ಕರು, ಹಿಂದೆ ಪುಟ್ಟತಾಯಮ್ಮ ನಮ್ಮ ಬಾಗಿಲಿಗೆ ಬರುತ್ತಿದ್ದರು. ಕರು ಮೊದಲು ನಾಲ್ಕು ಗುಟುಕು ಚೀಪಿದರೆ ಹಸುವಿನ ಕೆಚ್ಚಲಿಗೆ ಹಾಲು ಇಳಿಯುತ್ತದೆ. ಸೊರೆ ಬಿಡುವುದು ಎನ್ನುತ್ತಾರೆ ಅದಕ್ಕೆ. ಆ ಹೊತ್ತಿನಲ್ಲಿ ಹಸು ಹೆದರಬಾರದು. ಹೆದರಿತೋ, ಇಳಿದ ಹಾಲನ್ನು ಮೇಲಕ್ಕೆಳೆದುಕೊಂಡು ಕಲ್ಲಿನಂತೆ ನಿಂತುಬಿಡುತ್ತದೆ, ಯಾರಪ್ಪನೂ ಕರೆಯಲಾರ. ನಾಲ್ಕಾರು ದಿನ ಹಾಗೇ ಆದರೆ ಹಸು ಬತ್ತಿಯೇ ಹೋಗುತ್ತದಂತೆ. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ತೊಂಬತ್ತೈದರ ಸಂಕ್ರಾಂತಿ ಕಳೆದ ಮೇಲೆ, ಒಂದು ದಿನಕ್ಕಿಂತ ಒಂದು ದಿನ ಕಡಿಮೆಯಾಗುತ್ತಿದ್ದ ನನ್ನ ಪಾತ್ರೆಯನ್ನು ನೋಡಿ ನೋಡಿ ಕಲಿತೆ.

ಸಂಕ್ರಾಂತಿ ಕಳೆದ ಮೇಲೆ ಪೇಟೆಯ ಗಂಡಸರು ಓಡಲು ಶುರುಮಾಡಿದರು.

ಟೀವಿ ಅಂಗಡಿಯ ಶಿವಲಿಂಗಯ್ಯನವರಿಗೆ ಸಕ್ಕರೆ ಕಾಯಿಲೆ ಎಂದು ಯಾರೋ ಡಾಕ್ಟರು ಹೇಳಿದರಂತೆ, ದಿನಾ ಓಡಿ ಎಂದರಂತೆ. ಒಬ್ಬರೇ ತೆಪ್ಪಗೆ ಓಡಿಕೊಂಡಿದ್ದರೆ ಯಾರಿಗೇನು? ಇನ್ನೂ ಹನ್ನೊಂದು ಜನರನ್ನು ಸೇರಿಸಿ ‘ಅರುಣೋದಯ ಓಟ ಬಳಗ’ ಎಂದು ಅಂಗಡಿಯ ಮುಂದೆ ಬೋರ್ಡು ತಗುಲಿಹಾಕಿದರು. ಬಟ್ಟೆ ಅಂಗಡಿಯವರು, ಹೋಟೆಲಿನವರು, ಇಬ್ಬರು ಮೇಷ್ಟ್ರು, ಅಕ್ಕಸಾಲಿ ದೇವಯ್ಯ. ಎಲ್ಲರಿಗೂ ಬಿಳಿ ಕ್ಯಾನ್ವಾಸ್ ಶೂ, ತಲೆಗೆ ಉಲ್ಲನ್ ಟೋಪಿ, ಬನಿಯನ್ನಿನ ಕೆಳಗೆ ಚಡ್ಡಿ, ನಡುವೆ ಚಡ್ಡಿ ಹಿಡಿಯಲಾರದೆ ಹೊರಗೆ ಬಂದ ಹೊಟ್ಟೆ. ಶಿವಲಿಂಗಯ್ಯನವರ ಕೊರಳಲ್ಲಿ ಒಂದು ಪೀಪಿ. ತಿರುವು ಬಂದಾಗಲೆಲ್ಲ ಅದನ್ನು ಊದಿ, “ಆರೋಗ್ಯವೇ...” ಎಂದು ಕೂಗುವರು. ಹಿಂದಿನಿಂದ ಹನ್ನೊಂದು ಗಂಟಲು, “ಭಾಗ್ಯ!” ಅಷ್ಟು ಭಾಗ್ಯ ಇದ್ದವರು ಮನೆಯಲ್ಲಿ ಮಲಗಬಾರದೇ? ಬೀದಿಯ ಅಗಲಕ್ಕೂ ಹರಡಿಕೊಂಡು ಓಡುವರು. ರಂಗೋಲಿ ತುಳಿಯುವರು. ನಲ್ಲಿಗೆ ಹೋಗುವ ಹೆಂಗಸರು ಕೊಡ ಸಮೇತ ಗೋಡೆಗೆ ಒರಗಿ ನಿಲ್ಲಬೇಕು. ಓಟ ಎನ್ನುವುದೂ ಮರ್ಯಾದೆಗೆ. ನಮ್ಮ ಮನೆಯ ಮುಂದೆ ಬರುವ ಹೊತ್ತಿಗೆ ಅರ್ಧ ಜನ ಕಾಲೆಳೆದುಕೊಂಡು ನಡೆಯುತ್ತಿದ್ದರು. ನಮ್ಮ ಮನೆ ಇರುವುದು ತಿರುವಿನಲ್ಲಿ. ಹಾಗಾಗಿ ಪೀಪಿ ಸರಿಯಾಗಿ ನಮ್ಮ ಬಾಗಿಲಲ್ಲೇ, ಸರಿಯಾಗಿ ಆರೂಕಾಲಿಗೆ.

ಮೊದಲ ದಿನ ಪೀಪಿಗೆ ಕೆಂದಿ ಒದ್ದ ಒದೆತಕ್ಕೆ ಪಾತ್ರೆ ಚರಂಡಿಗೆ ಹಾರಿತು. ಎರಡನೆಯ ದಿನ ಒದೆಯಲಿಲ್ಲ. ಕಿವಿ ನಿಗುರಿಸಿ, ಮೈ ನಡುಗಿಸಿ, ಹಾಲು ಬಿಗಿಹಿಡಿದು ನಿಂತಿತು. ಪುಟ್ಟತಾಯಮ್ಮ ಅದರ ಬೆನ್ನು ಸವರಿದರು, ಗಂಗೆದೊಗಲು ನೇವರಿಸಿದರು, ಕರುವನ್ನು ಮತ್ತೆ ಬಿಟ್ಟರು. ಏನೂ ಇಲ್ಲ. ಕೂತಲ್ಲಿಂದಲೇ ತಲೆಯೆತ್ತಿ, ಬೀದಿ ತುದಿಯಲ್ಲಿ ಮರೆಯಾಗುತ್ತಿದ್ದ ಬೆನ್ನುಗಳನ್ನು ನೋಡಿದರು.

“ಬೊಜ್ಜಿಂಡು,” ಎಂದರು.

ಬೊಜ್ಜಿನ ಹಿಂಡು. ನಾನು ಅಳುವ ಸ್ಥಿತಿಯಲ್ಲಿದ್ದೆ, ಆದರೂ ನಕ್ಕುಬಿಟ್ಟೆ.

ಅಂದಿನಿಂದ ದಿನಕ್ಕೊಂದು. ಕಾಲಿನ ಸದ್ದಿಗೆ ‘ದುಬ್ದುಬಿಗಳು’. ಏದುಸಿರಿಗೆ ‘ಉಸ್ಸಪ್ಪಗಳು’. ವಾಸನೆ ಬಂದ ದಿನ ‘ಬೆವರ್ಮಂದೆ’. ಓಟ ಮುಗಿಸಿ ಎಲ್ಲರೂ ಹೋಟೆಲಿಗೆ ಹೋಗಿ ಬೆಣ್ಣೆದೋಸೆ ತಿನ್ನುತ್ತಾರೆಂದು ತಿಳಿದ ದಿನ ‘ದೋಸೆದಂಡು’. ಅವರ ಪದಗಳಿಗೊಂದು ಪರೀಕ್ಷೆ ಇತ್ತು. ಎರಡು ಕೈಯಲ್ಲಿ ಹಾಲು ಕರೆಯುವಾಗ ಎಡಕ್ಕೊಂದು ಬಲಕ್ಕೊಂದು ಸೆಳೆತ ಬೀಳುತ್ತದಲ್ಲ, ಪದ ಆ ಎರಡು ಸೆಳೆತದಲ್ಲಿ ಮುಗಿಯಬೇಕು. ಬೊಜ್, ಜಿಂಡು. ದೋಸೆ, ದಂಡು. ಹಾಲು ಬಾರದ ಕೆಚ್ಚಲನ್ನೇ ಎಳೆಯುತ್ತ ಹೊಂದಿಸಿ ನೋಡುವರು. ಹೊಂದದಿದ್ದರೆ ಉಗುಳುವರು.

ನಾನೂ ಒಂದು ಕಟ್ಟೋಣವೆಂದು, ಓದಿದ ಸೊಕ್ಕಿನಿಂದ, “ಸ್ಥೂಲಕಾಯ ಧಾವಕವೃಂದ ಅಂದರೆ ಹೇಗೆ?” ಎಂದೆ.

“ಅದ್ಯಾವ್ ಮಂತ್ರ ಏಳ್ತಾ ಇದ್ದೀಯವ್ವ? ನೀನ್ ಏಳಿ ಮುಗ್ಸೋ ಒತ್ಗೆ ಅವ್ರು ಪಾಂಡವಪುರ ಮುಟ್ಟಿರ್ತಾರೆ. ಓ, ಅವ್ರೆಲ್ಲಿ ಮುಟ್ತಾರೆ. ತಿರುಗ್ನಲ್ಲೇ ಕೂತಿರ್ತಾರೆ.”

ಅವರಿಗೆ ಆ ಓಟ ಅರ್ಥವೇ ಆಗುತ್ತಿರಲಿಲ್ಲ. ಅವರು ಹರೆಯದಲ್ಲಿ ಬೆಣ್ಣೆಯ ಗಡಿಗೆ ಹೊತ್ತು ಸಂತೆಗೆ ಓಡಿದವರು, ಹಸು ತಪ್ಪಿಸಿಕೊಂಡರೆ ಓಡಿದವರು, ನಡುದಾರಿಯಲ್ಲಿ ನೋವು ಬಂದ ನಾದಿನಿಗೆ ಸೂಲಗಿತ್ತಿ ಕರೆತರಲು ಎರಡು ಹರದಾರಿ ಓಡಿದವರು. “ಓಡೋದು ಅಂದ್ರೆ ಏನಾರ ಮುಂದಿರ್ಬೇಕು, ಇಲ್ಲ ಏನಾರ ಇಂದೆ ಬರ್ಬೇಕು. ಇವ್ಕೆ ಮುಂದೂ ಇಲ್ಲ, ಇಂದೂ ಇಲ್ಲ. ಒಂಟ ಜಾಗ್ಕೇ ಬಂದ್ ಸೇರ್ತವೆ. ಗಾಣದೆತ್ತಾದ್ರೂ ಎಣ್ಣೆ ಕೊಡ್ತದೆ.” ಹೀಗೆಂದು ಆ ದಿನ ಅವರು ಕಟ್ಟಿದ ಪದವೇ ಎಲ್ಲಕ್ಕಿಂತ ಹಬ್ಬಿದ್ದು: ‘ಸುಮ್ಕೋಟ’. ಸುಮ್ಕೆ ಓಡುವ ಓಟ. ವಾರದೊಳಗೆ ನಲ್ಲಿಯ ಹತ್ತಿರ, ಗಿರಣಿಯ ಹತ್ತಿರ, ಬಸ್‌ಸ್ಟ್ಯಾಂಡಿನ ಹೂವಿನವರ ಹತ್ತಿರ, ಎಲ್ಲೆಲ್ಲೂ ಅದೇ. “ಸುಮ್ಕೋಟ್ದೋರು ಬಂದ್ರಾ?” ಎಂದು ಕೇಳಿಕೊಂಡು ಹೆಂಗಸರು ನಲ್ಲಿಗೆ ಹೋಗುವ ಹೊತ್ತು ನಿರ್ಧರಿಸುತ್ತಿದ್ದರು.

ಇಷ್ಟೆಲ್ಲ ನಗುವಿನ ನಡುವೆ ಪಾತ್ರೆ ಮಾತ್ರ ತುಂಬುತ್ತಿರಲಿಲ್ಲ. ಅರ್ಧ ಸೇರಿದ್ದದ್ದು ಪಾವಾಯಿತು, ಪಾವು ನಾಲ್ಕು ಬೆರಳಾಯಿತು. ಹೊತ್ತು ಬದಲಾಯಿಸಿ ಎಂದು ರಘುನಂದನ್ ಸಲಹೆ ಕೊಟ್ಟರು. “ನಿನ್ ಗಂಡ ಕಾಲೇಜ್ನಲ್ಲಿ ಬೆಲ್ ಒಡೀತಾರಲ್ಲ, ಅಂಗಲ್ಲ ಕಣವ್ವ ಅಸ. ಅದ್ರ ಒತ್ತು ಅದ್ರ ಒಟ್ಟೇಲದೆ,” ಎಂದರು. ಅವರ ಕೊಟ್ಟಿಗೆಯಲ್ಲೇ ಕರೆಯೋಣವೆಂದರೆ ಕೊಟ್ಟಿಗೆಗೆ ಅಂಟಿಕೊಂಡೇ ಅರಳಿಕಟ್ಟೆ. ಬಳಗದವರು ಸೇರಿ ಕೈಕಾಲು ಝಾಡಿಸುವುದು ಅಲ್ಲಿಯೇ. ಒಂದು ದಿನ ನಾನು ಧೈರ್ಯ ಮಾಡಿ ಪ್ಯಾಕೆಟ್ ಹಾಲು ಕಾಯಿಸಿ ಕೊಟ್ಟೆ. ರಾತ್ರಿಯೊಳಗೆ ಏಳು ಬಾರಿ ಬಟ್ಟೆ ಬದಲಾಯಿಸಿದೆ. ಮರುದಿನ ಅನುವಿನ ನೆತ್ತಿ ಮುಟ್ಟಿದರೆ ಒಳಕ್ಕೆ ಕುಳಿಬಿದ್ದಿತ್ತು.

ಆ ವಾರವೇ ಶಿವಲಿಂಗಯ್ಯನವರು ದೂರು ಹೊತ್ತು ಬಂದರು. ಓಟ ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು, ಹಿಂದೆ ಹನ್ನೊಂದು ಜನರನ್ನು ನಿಲ್ಲಿಸಿಕೊಂಡು ನಿಂತರು.

“ಏನಮ್ಮ ಪುಟ್ಟತಾಯಮ್ಮ, ನಮ್ ಬಳಗಕ್ಕೆ ಏನೇನೋ ಹೆಸ್ರಿಟ್ಟಿದ್ದೀಯಂತೆ? ನನ್ನ ಅಂಗ್ಡಿಗೆ ಬಂದ ಗಿರಾಕಿ ನಗ್ತಾನೆ. ಟೀವಿ ತಗೊಳ್ಳೋಕೆ ಬಂದೋನು ‘ಸುಮ್ಕೋಟ್ದೋರ ಅಂಗ್ಡಿ ಇದೇನಾ’ ಅಂತಾನೆ!”

“ಅಡ್ರೆಸ್ ಗೊತ್ತಾಯ್ತಲ್ಲ, ಒಳ್ಳೇದಾಯ್ತು ಬುಡು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶಿವಲಿಂಗಯ್ಯ ಕೆಂಪಾದರು.

ನಾನು ಮಗುವನ್ನು ಎತ್ತಿಕೊಂಡೇ ಹೊರಗೆ ಬಂದೆ. “ಸರ್, ದಯವಿಟ್ಟು ಈ ತಿರುವಿನಲ್ಲಿ ವಿಸಿಲ್ ಊದಬೇಡಿ. ಹಸು ಹೆದರುತ್ತೆ. ಮಗೂಗೆ ಬೇರೆ ಹಾಲು ಹಿಡಿಸಲ್ಲ,” ಎಂದೆ.

ಅವರು ಮಗುವಿನ ಕಡೆ ನೋಡಲೂ ಇಲ್ಲ. “ನೋಡಿ ಮೇಡಂ, ನೀವು ಓದಿದೋರು. ತಿರುವಿನಲ್ಲಿ ಊದದೆ ಇದ್ರೆ ಶಿಸ್ತು ಎಲ್ಲಿ ಉಳಿಯುತ್ತೆ? ರಸ್ತೇಲಿ ಹಸು ಕಟ್ಟೋದೇ ತಪ್ಪು. ನಾವು ಸುಮ್ನಿದ್ದೀವಿ ಅಷ್ಟೇ. ಬೇಕಾದ್ರೆ ದಿನಾ ಬೆಳಿಗ್ಗೆ ನೀವೂ ನಾಲ್ಕು ಹೆಜ್ಜೆ ಓಡಿ, ಗಾಬರಿ ಕಮ್ಮಿ ಆಗುತ್ತೆ.” ಹೀಗೆಂದು ಆರೋಗ್ಯದ ದೊರೆ ಪೀಪಿ ಬಾಯಿಗಿಟ್ಟು, ಹಸುವಿನ ಕಿವಿಗೆ ಮೂರು ಮೊಳ ದೂರದಲ್ಲಿ ನಿಂತು, ಊದಿದರು. “ಆರೋಗ್ಯವೇ...” “ಭಾಗ್ಯ!”

ಅವತ್ತು ಪಾತ್ರೆಯಲ್ಲಿ ಬಿದ್ದದ್ದು ಎರಡು ಬೆರಳು. ಪುಟ್ಟತಾಯಮ್ಮ ಯಾವ ಪದವನ್ನೂ ಕಟ್ಟಲಿಲ್ಲ. ಆ ಎರಡು ಬೆರಳು ಹಾಲನ್ನು ನಾನು ಬಟ್ಟಲಿಗೆ ಬಗ್ಗಿಸುವುದನ್ನು ನೋಡುತ್ತ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದರು.

“ಬೈದ್ರೆ ಓಗಲ್ಲ ಇವು,” ಎಂದರು. “ಒಂದ್ ಮಾತದೆ ಕಣ ಗಾಬ್ರಮ್ಮ. ಆಡ್ಬಾರ್ದು. ನಾನ್ ಉಟ್ಟಿದ್ಮೇಲೆ ಯಾರ್ಗೂ ಆಡಿಲ್ಲ. ನಾಳೆ ಆಡ್ತೀನಿ.”

ಏನೋ ಕೊಳಕು ಬೈಗುಳವಿರಬೇಕೆಂದು ನಾನು ರಾತ್ರಿಯೆಲ್ಲ ಹೆದರಿದೆ.

ಮಾರನೆಯ ಬೆಳಿಗ್ಗೆ ಅವರು ಹಸುವನ್ನು ನಮ್ಮ ಬಾಗಿಲಿಗೆ ಕಟ್ಟಿ, ತಾವು ಅರಳಿಕಟ್ಟೆಯ ಹತ್ತಿರ ಹೋಗಿ ದಾರಿಗೆ ಅಡ್ಡವಾಗಿ ನಿಂತರು. ಕೂಸನ್ನು ಎತ್ತಿಕೊಂಡು ನಾನೂ ಹಿಂದೆ ಹೋದೆ. ಬಳಗ ಸೇರಿತ್ತು, ಪೀಪಿ ಇನ್ನೇನು ಊದಬೇಕು. ಪುಟ್ಟತಾಯಮ್ಮ ತುಂಬ ಪ್ರೀತಿಯಿಂದ, ನೆಂಟರನ್ನು ವಿಚಾರಿಸುವಂತೆ, ದೊಡ್ಡ ದನಿಯಲ್ಲಿ ಕೇಳಿದರು:

“ಎಲ್ರೂ ಎಲ್ಲಿಗ್ ಒಂಟ್ರಿ?”

ಅಷ್ಟೇ. ಹನ್ನೆರಡು ಜನ ಕಲ್ಲಾದರು.

ನಮ್ಮ ಕಡೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳುವಂತಿಲ್ಲ. ಕೇಳಿದರೆ ಹೊರಟ ಕೆಲಸ ಕೆಟ್ಟಿತು ಎಂದೇ ಅರ್ಥ. ತಿಳಿದವರು ‘ದೂರ ಹೊರಟ್ರಾ?’ ಎನ್ನುತ್ತಾರೆ. ತಪ್ಪಿ ಯಾರಾದರೂ ‘ಎಲ್ಲಿಗೆ’ ಎಂದುಬಿಟ್ಟರೆ ಮನೆಗೆ ಹಿಂತಿರುಗಿ, ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಮೈಸೂರಿನಲ್ಲಿ ನನ್ನ ಅಮ್ಮನೂ ಇದನ್ನು ಪಾಲಿಸುತ್ತಿದ್ದಳು, ನಾನು ನಗುತ್ತಿದ್ದೆ. ಪುಟ್ಟತಾಯಮ್ಮನಂತೂ ಕಳ್ಳ ಎದ್ದು ಓಡಿದರೂ ‘ದೂರವೇನಪ್ಪ’ ಎನ್ನುವ ಪೈಕಿ. ಅಂಥವರು ಬೇಕೆಂದೇ ಕೇಳಿದ್ದರು.

“ಅಯ್ಯೋ, ಏನವ್ವ ಇಂಗ್ ಕೇಳ್ಬುಟ್ಟೆ!” ಎಂದವನು ಅಕ್ಕಸಾಲಿ ದೇವಯ್ಯ. ಅವತ್ತು ಅವನು ನಾಗಮಂಗಲಕ್ಕೆ ಮದುವೆಯ ತಾಳಿ ಒಪ್ಪಿಸಲು ಹೋಗಬೇಕಿತ್ತು. ತಿರುಗಿದವನೇ ಮನೆಗೆ ನಡೆದ. ಬಟ್ಟೆ ಅಂಗಡಿಯವರು ಅವನ ಹಿಂದೆ. ಹೋಟೆಲಿನವರು ಅವರ ಹಿಂದೆ. ಮಕ್ಕಳಿಗೆ ವಿಜ್ಞಾನ ಹೇಳುವ ಮೇಷ್ಟ್ರು ಸ್ವಲ್ಪ ಹೊತ್ತು ಆಕಾಶ ನೋಡಿ, “ಶೂ ಲೇಸು ಕಿತ್ತೋಗಿದೆ” ಎಂದು ಹೊರಟರು.

“ಲೇ, ಮೂಢನಂಬಿಕೆ ಕಣ್ರೋ! ಇಪ್ಪತ್ತನೇ ಶತಮಾನ ಕಣ್ರೋ!” ಎಂದು ಶಿವಲಿಂಗಯ್ಯನವರು ಕೂಗುತ್ತಿದ್ದರು. ನೀರು ಕುಡಿದು ಬಂದವರು ಮತ್ತೆ ಸೇರುವ ಹೊತ್ತಿಗೆ ಏಳು ಗಂಟೆ. ಪುಟ್ಟತಾಯಮ್ಮ ಮತ್ತೆ ಅಡ್ಡ ನಿಂತು, ಮತ್ತೆ ಅಷ್ಟೇ ಅಕ್ಕರೆಯಿಂದ ಕೇಳಿದರು.

ಎರಡನೆಯ ದಿನವೂ ಹಾಗೇ; ಬಾಗಿಲಲ್ಲಿ ಕಾದು ನಿಂತ ಹಸು ಮಾತ್ರ ಕೊಟ್ಟದ್ದು ಅದೇ ಎರಡು ಬೆರಳು. ಮೂರನೆಯ ದಿನ ಬಳಗದವರು ಉಪಾಯ ಹೂಡಿಕೊಂಡು ಬಂದಿದ್ದರು. ಓಡುವುದು ಎಲ್ಲಿಗೂ ಅಲ್ಲವಲ್ಲ; ಉತ್ತರ ಕೊಡಲಾಗದೆ ನಿಂತರೆ ತಾನೇ ಅಪಶಕುನ? ಒಂದು ಒಳ್ಳೆಯ ಊರಿನ ಹೆಸರು ಹೇಳಿಬಿಟ್ಟರಾಯಿತು. ಈ ಬುದ್ಧಿ ಯಾರದೋ ನನಗೆ ಗೊತ್ತಿಲ್ಲ, ಶೂ ಲೇಸಿನ ಮೇಷ್ಟ್ರದೇ ಇರಬೇಕು. “ಎಲ್ಲಿಗ್ ಒಂಟ್ರಿ?” ಎಂದದ್ದೇ ತಡ, ಹನ್ನೆರಡೂ ಜನ ಒಕ್ಕೊರಲಿನಿಂದ “ಕಾಶಿಗೆ!” ಎಂದರು.

ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡು ಕೈಮುಗಿದರು. “ಒಳ್ಳೇದಾಯ್ತು ಕಣ್ರಪ್ಪ. ಅರಳಿಮರದ ಕೆಳ್ಗೆ, ಸೂರ್ಯ ಉಟ್ಟೋ ಒತ್ನಲ್ಲಿ, ಕಾಶಿಗ್ ಓಯ್ತೀವಿ ಅಂದ್ಬುಟ್ರಿ. ವಿಶ್ವನಾಥ ಕೇಳಿಸ್ಕಂಡವ್ನೆ. ಓಗಿದ್ ಬನ್ನಿ. ಬರ್ತಾ ನಂಗೊಂದ್ ಗಿಂಡಿ ಗಂಗೆ.”

ಅಡ್ಡ ಸರಿದು ದಾರಿ ಬಿಟ್ಟರು. ಒಬ್ಬರೂ ಹೆಜ್ಜೆ ಎತ್ತಲಿಲ್ಲ.

ಬಾಯಿಬಿಟ್ಟು ಕಾಶಿಗೆ ಹೊರಟೆವು ಎಂದವರು ತಿರುವಿನಲ್ಲಿ ದೋಸೆ ತಿಂದು ಮನೆಗೆ ಬಂದರೆ ಏನಾದೀತು? ದೇವಯ್ಯನ ತಾಯಿ ಅವನನ್ನು ಹೊಸಿಲು ದಾಟಿಸಿಕೊಳ್ಳಲಿಲ್ಲವಂತೆ. “ಕಾಶಿಗ್ ಒಂಟೋನು ಅಂಗೆ ವಾಪ್ಸು ಬಂದ್ರೆ ಮನೇಲಿ ಎಣ ಬೀಳ್ತದಲ್ಲೋ ಮುಂಡೇದೆ!” ಎಂದು ಬೀದಿಗೆಲ್ಲ ಕೇಳಿಸುವಂತೆ ಕೂಗಾಡಿ, ದೇವರಿಗೆ ತಪ್ಪುಕಾಣಿಕೆ ಕಟ್ಟಿಸಿ ಒಳಗೆ ಬಿಟ್ಟರು. ಸಾಯಂಕಾಲದೊಳಗೆ ಹನ್ನೆರಡು ಮನೆಯಲ್ಲೂ ಇದೇ ರಗಳೆ. ಬೆಳಿಗ್ಗೆ ಆರಕ್ಕೆ ಪೇಟೆಯನ್ನೆಲ್ಲ ಎಬ್ಬಿಸಿ ಆರೋಗ್ಯ ಹಂಚಿದ ಧೀರರು ಹೆಂಡತಿಯರ ಮುಂದೆ ತಪ್ಪುಕಾಣಿಕೆಯ ಅರಿಶಿನದ ಬಟ್ಟೆ ಹಿಡಿದು ಕೂತಿದ್ದರು. ಮೇಷ್ಟ್ರ ಮನೆಯಲ್ಲಿ ಸತ್ಯನಾರಾಯಣ ಪೂಜೆಯೇ ಆಯಿತು. ನಮಗೂ ಪ್ರಸಾದ ಬಂತು. ನಾನು ತಿಂದೆ. ಚೆನ್ನಾಗಿತ್ತು.

ಮಾರನೆಯ ದಿನದಿಂದ ಬಳಗ ನಮ್ಮ ಬೀದಿಗೆ ಕಾಲಿಡಲಿಲ್ಲ. ಕೆಲವರು ಕಿಕ್ಕೇರಿ ರಸ್ತೆಯಲ್ಲಿ ಇಬ್ಬರು ಮೂವರಾಗಿ ನಡೆಯುತ್ತಾರೆಂದು ಕೇಳಿದೆ. ಉಳಿದವರು ಮತ್ತೆ ಹಾಸಿಗೆಯ ಪಾಲಾದರು.

ಆದರೂ ಹಸು ಒಂದೇ ದಿನಕ್ಕೆ ನಂಬಲಿಲ್ಲ. ಮೊದಲ ದಿನ ಆರೂಕಾಲು ಆಗುತ್ತಲೇ ಬಾರದ ಪೀಪಿಗೇ ಕಿವಿ ನಿಗುರಿಸಿ ನಡುಗಿತು. ಎರಡು ಬೆರಳು ಹಾಲು. ಎರಡನೆಯ ದಿನವೂ ಎರಡೇ ಬೆರಳು. ಬತ್ತಿಯೇ ಹೋಯಿತೆಂದು ನಾನು ಗೋಡೆಗೆ ತಲೆಕೊಟ್ಟು ನಿಂತೆ. “ಸುಮ್ಕಿರು. ನೀನ್ ನಡುಗುದ್ರೆ ಅದೂ ನಡುಗ್ತದೆ. ಒಳೀಕ್ ಓಗು,” ಎಂದು ಗದರಿದರು. ಕಣ್ಣೆದುರು ಕರೆಯಬೇಕೆಂದು ಹಟ ಹಿಡಿದಿದ್ದ ನಾನು ಮೊದಲ ಬಾರಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.

ನಾಲ್ಕನೆಯ ಬೆಳಿಗ್ಗೆ ಒಳಗಿದ್ದೇ ಕೇಳಿದೆ: ಪಾತ್ರೆಯ ತಳಕ್ಕೆ ಹಾಲು ಬೀಳುವ ಗಡಸು ಸದ್ದು, ಅದು ಮೆತ್ತಗಾಗುವುದು, ಆಮೇಲೆ ನೊರೆಯಲ್ಲಿ ನೊರೆ ಮುಳುಗುವ ಸದ್ದು. ಬಾಗಿಲು ತೆರೆದೆ. ಕೆಂದಿ ಕಣ್ಣು ಅರೆಮುಚ್ಚಿ ನಿಂತಿತ್ತು. ಪಾತ್ರೆ ಮುಕ್ಕಾಲು ತುಂಬಿತ್ತು.

ಅದೇ ಹೊತ್ತಿಗೆ ತಿರುವಿನಲ್ಲಿ ಶಿವಲಿಂಗಯ್ಯನವರು ಕಾಣಿಸಿಕೊಂಡರು. ಒಬ್ಬರೇ. ಕೊರಳಲ್ಲಿ ಪೀಪಿ ಇರಲಿಲ್ಲ; ಹಿಂದೆ ಯಾರೂ ಇಲ್ಲದವನು ಯಾರಿಗೆ ಊದಬೇಕು? ಗೋಡೆಯ ಬದಿಗೆ ಸರಿದುಕೊಂಡು, ಕ್ಯಾನ್ವಾಸ್ ಶೂಗಳನ್ನು ಕಳ್ಳ ಬೆಕ್ಕಿನಂತೆ ಇಡುತ್ತ, ಮುಖ ಆ ಕಡೆ ತಿರುಗಿಸಿ ದಾಟಿದರು. ಹಸು ಕಿವಿಯನ್ನೂ ಆಡಿಸಲಿಲ್ಲ.

“ಇವರಿಗೇನು ಹೆಸರಮ್ಮ?” ಎಂದು ಪಿಸುಗುಟ್ಟಿದೆ.

ಪುಟ್ಟತಾಯಮ್ಮ ತಲೆಯೆತ್ತಿಯೂ ನೋಡಲಿಲ್ಲ. “ಇಂಡಾಗ್ ಬಂದ್ರೆ ಎಸ್ರಿಡ್ಬೋದು. ಒಬ್ನಿಗ್ಯಾಕೆ, ದಂಡ,” ಎಂದರು. “ಮೊಗೀಗ್ ಆಲ್ ಕಾಸ್ಕ ಓಗು, ಆರೋಯ್ತದೆ.”